2023ರ ಪಿಎಫ್‌ಎಲ್ ಋತು: ಅಂಕಪಟ್ಟಿ ಅಳೆದದ್ದೇನು?

ಬಸವನಗುಡಿ ಪ್ರೇಕ್ಷಕ

ಪ್ರೊಫೆಷನಲ್ ಫೈಟರ್ಸ್ ಲೀಗ್, ಅಂದರೆ ಪಿಎಫ್‌ಎಲ್, ಕೋವಿಡ್‌ನಿಂದ ರದ್ದಾದ 2020ನ್ನು ಬಿಟ್ಟು, 2018ರಿಂದ 2024ರವರೆಗೆ ಅಂಕಪಟ್ಟಿಯ ಆಧಾರದ ಮೇಲೆ ಎಂಎಂಎ, ಅಂದರೆ ಹೊಡೆತವೂ ಕುಸ್ತಿಯೂ ಬೆರೆತ ಮಿಶ್ರ ಸಮರಕಲೆಯ ಋತುಗಳನ್ನು ನಡೆಸಿತು. ಅವುಗಳಲ್ಲಿ 2023ರ ಋತುವನ್ನು ಪ್ರತ್ಯೇಕವಾಗಿ ಚರ್ಚಿಸಬೇಕೆಂದು ನನಗೆ ಬಹಳ ದಿನಗಳಿಂದ ಅನಿಸುತ್ತಿತ್ತು. ಈ ಪದ್ಧತಿಯ ಗುಣವೂ ದೋಷವೂ ಅಷ್ಟು ಸ್ಪಷ್ಟವಾಗಿ ಒಂದೇ ವರ್ಷದಲ್ಲಿ ಹೊರಬಿದ್ದದ್ದು ಬೇರೆ ಯಾವಾಗಲೂ ಇಲ್ಲ.

ಪದ್ಧತಿ ತಿಳಿಯದವರಿಗಾಗಿ ಸಂಕ್ಷಿಪ್ತವಾಗಿ ಹೇಳುತ್ತೇನೆ. ಆ ವರ್ಷ ಆರು ತೂಕ ವಿಭಾಗಗಳಿದ್ದವು. ಪ್ರತಿಯೊಬ್ಬ ಸ್ಪರ್ಧಿಗೂ ಏಪ್ರಿಲ್‌ನಲ್ಲಿ ಒಂದು, ಜೂನ್‌ನಲ್ಲಿ ಇನ್ನೊಂದು ಅರ್ಹತಾ ಪಂದ್ಯ. ಗೆದ್ದರೆ 3 ಅಂಕ. ತೀರ್ಪುಗಾರರ ಬಳಿಗೆ ಹೋಗದೆ ಮೊದಲ ಸುತ್ತಿನಲ್ಲೇ ಮುಗಿಸಿದರೆ ಹೆಚ್ಚುವರಿ 3, ಎರಡನೆಯ ಸುತ್ತಿನಲ್ಲಿ 2, ಮೂರನೆಯದರಲ್ಲಿ 1. ಪಟ್ಟಿಯ ಮೊದಲ ನಾಲ್ವರು ಆಗಸ್ಟ್‌ನಲ್ಲಿ ಸೆಮಿಫೈನಲ್ ಆಡುತ್ತಾರೆ, ನವೆಂಬರ್‌ನಲ್ಲಿ ಫೈನಲ್. ಪ್ರತಿ ವಿಭಾಗದ ವಿಜೇತರಿಗೆ ಹತ್ತು ಲಕ್ಷ ಡಾಲರ್, ಆಗಿನ ಲೆಕ್ಕದಲ್ಲಿ ಎಂಟು ಕೋಟಿ ರೂಪಾಯಿಗೂ ಮೇಲೆ.

ರಣಜಿ ಟ್ರೋಫಿಯನ್ನು ಅನುಸರಿಸುವ ನಮ್ಮೂರಿನ ಕ್ರಿಕೆಟ್ ಪ್ರೇಮಿಗಳಿಗೆ ಇದು ಅಪರಿಚಿತವೆನಿಸಲಾರದು. ಡ್ರಾ ಆದ ಪಂದ್ಯದಲ್ಲಿ ಮೊದಲ ಇನಿಂಗ್ಸ್ ಮುನ್ನಡೆಗೆ 3 ಅಂಕ, ನೇರ ಗೆಲುವಿಗೆ 6. ಪಿಎಫ್‌ಎಲ್‌ನಲ್ಲಿ ತೀರ್ಪುಗಾರರು ಕೊಟ್ಟ ಗೆಲುವಿಗೆ 3, ಮೊದಲ ಸುತ್ತಿನಲ್ಲೇ ಮುಗಿಸಿದ ಗೆಲುವಿಗೆ 6. ಸುರಕ್ಷಿತವಾಗಿ ಆಡಿದವನು ಹಿಂದೆ ಬೀಳಲಿ, ಫಲಿತಾಂಶಕ್ಕಾಗಿ ಹೊರಟವನು ಮುಂದೆ ಹೋಗಲಿ ಎಂಬ ಉದ್ದೇಶ ಎರಡರಲ್ಲೂ ಒಂದೇ.

ಈ ಉದ್ದೇಶ ಕೈಗೂಡಿದ್ದಕ್ಕೆ ಪೆರುವಿನ ಹೆಸುಸ್ ಪಿನೆಡೊಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಫೆದರ್‌ವೇಟ್ ವಿಭಾಗದಲ್ಲಿ ಏಪ್ರಿಲ್‌ನ ಮೊದಲ ಪಂದ್ಯವನ್ನು ಅವರು ಬ್ರೆಜಿಲ್‌ನ ಗೇಬ್ರಿಯಲ್ ಬ್ರಾಗಾ ಎದುರು ತೀರ್ಪುಗಾರರ ಒಡೆದ ತೀರ್ಪಿನಲ್ಲಿ, ಅಂದರೆ ಮೂವರಲ್ಲಿ ಇಬ್ಬರ ಮತದಿಂದ, ಕಳೆದುಕೊಂಡರು. ಖಾತೆಯಲ್ಲಿ ಸೊನ್ನೆ, ಉಳಿದದ್ದು ಒಂದೇ ಪಂದ್ಯ, ಎದುರಾಳಿಯಾಗಿ ಹಿಂದಿನ ವರ್ಷದ ಚಾಂಪಿಯನ್ ಬ್ರೆಂಡನ್ ಲಾಕ್‌ನೇನ್. ಏನು ಮಾಡಬೇಕೆಂಬುದರಲ್ಲಿ ಪಿನೆಡೊಗೆ ಯಾವ ಗೊಂದಲವೂ ಇರಲು ಸಾಧ್ಯವಿರಲಿಲ್ಲ. ಅವರು ಮೊದಲ ಸುತ್ತಿನಲ್ಲೇ ಲಾಕ್‌ನೇನ್ ಅವರನ್ನು ಕೆಡವಿ, ಒಂದೇ ಏಟಿಗೆ ಆರು ಅಂಕ ಬಾಚಿಕೊಂಡು ಸೆಮಿಫೈನಲ್ ಸೇರಿದರು. ಏಪ್ರಿಲ್‌ನಲ್ಲಿ ಗೆದ್ದಿದ್ದ ಚಾಂಪಿಯನ್ ಹೊರನಡೆದರು. ನವೆಂಬರ್ 24ರಂದು ವಾಷಿಂಗ್ಟನ್‌ನಲ್ಲಿ ನಡೆದ ಫೈನಲ್‌ನಲ್ಲಿ ಅದೇ ಬ್ರಾಗಾ ಮತ್ತೆ ಎದುರಾದಾಗ ಪಿನೆಡೊ ಮೂರನೆಯ ಸುತ್ತಿನಲ್ಲಿ ನಾಕೌಟ್ ಮಾಡಿ ಪ್ರಶಸ್ತಿ ಗೆದ್ದರು. ಬೆಂಗಳೂರಿನಲ್ಲಿ ಆಗ ಶನಿವಾರದ ಬೆಳಗು.

ಎಂಎಂಎಯ ಅತಿ ದೊಡ್ಡ ಸಂಸ್ಥೆಯಾದ ಯುಎಫ್‌ಸಿಯಲ್ಲಿ ಇಂಥ ಕಥೆ ನಡೆಯುವುದು ಕಷ್ಟ. ಅಲ್ಲಿ ಸೋತವನಿಗೆ ಮುಂದಿನ ಪಂದ್ಯ ಯಾವಾಗ, ಯಾರ ಜೊತೆ ಎಂಬುದನ್ನು ಸಂಸ್ಥೆ ನಿರ್ಧರಿಸುತ್ತದೆ. ಹತ್ತು ಪಂದ್ಯ ಗೆದ್ದವನಿಗೂ ಪ್ರಶಸ್ತಿ ಪಂದ್ಯ ಸಿಗುತ್ತದೆಂಬ ಲಿಖಿತ ನಿಯಮವಿಲ್ಲ. ಪಿಎಫ್‌ಎಲ್ ಅಂಕಪಟ್ಟಿ ಸ್ಪರ್ಧಿಗೆ ತನ್ನ ದಾರಿಯನ್ನು ಮೊದಲೇ ತೋರಿಸಿತು ಎಂಬುದು ನನ್ನ ಅಭಿಪ್ರಾಯ. ಉಳಿದವರ ಅಭಿಪ್ರಾಯವನ್ನು ತಿಳಿಯಬಯಸುತ್ತೇನೆ.

ಚಾಮರಾಜಪೇಟೆ ಗರಡಿ

ಬರೆದ ರೀತಿ ಚೆನ್ನಾಗಿದೆ ಸರ್, ಆದರೆ ರಣಜಿಯ ಹೋಲಿಕೆ ನಿಮ್ಮ ವಾದಕ್ಕೇ ತಿರುಗುಬಾಣವಾಗುತ್ತದೆ. ರಣಜಿಯಲ್ಲಿ ಒಂದು ಗುಂಪಿನ ಪ್ರತಿ ತಂಡವೂ ಆ ಗುಂಪಿನ ಉಳಿದೆಲ್ಲ ತಂಡಗಳ ವಿರುದ್ಧ ಆಡುತ್ತದೆ. ಆದ್ದರಿಂದಲೇ ಅಲ್ಲಿನ ಅಂಕಪಟ್ಟಿಗೆ ಬೆಲೆ. ಪಿಎಫ್‌ಎಲ್‌ನ ಒಂದು ವಿಭಾಗದಲ್ಲಿ ಹತ್ತರ ಆಸುಪಾಸು ಸ್ಪರ್ಧಿಗಳಿದ್ದು, ಒಬ್ಬೊಬ್ಬರು ಆಡುವುದು ಕೇವಲ ಇಬ್ಬರ ವಿರುದ್ಧ. ಆ ಇಬ್ಬರು ಯಾರು ಎಂಬುದನ್ನು ನಿರ್ಧರಿಸುವವರು ಮತ್ತೆ ಸಂಘಟಕರೇ. ಒಬ್ಬನಿಗೆ ಇಳಿವಯಸ್ಸಿನ ಎದುರಾಳಿ ಸಿಕ್ಕಿ ಆರು ಅಂಕ ಬಂದಿರುತ್ತದೆ, ಇನ್ನೊಬ್ಬ ವಿಭಾಗದ ಅತ್ಯಂತ ಬಲಿಷ್ಠನನ್ನು ಮೂರು ಸುತ್ತು ಕಾದಾಡಿ ಗೆದ್ದು ಮೂರು ಅಂಕ ಪಡೆದಿರುತ್ತಾನೆ. ಪಟ್ಟಿಯಲ್ಲಿ ಮೊದಲನೆಯವನು ಮೇಲೆ. ಯುಎಫ್‌ಸಿಯಲ್ಲಿ ಕಣ್ಣಿಗೆ ಕಾಣುವಂತೆ ಮಾಡುವ ಆಯ್ಕೆಯನ್ನು ಇಲ್ಲಿ ಅಂಕಗಳ ಹಿಂದೆ ಮರೆಮಾಡಲಾಗಿದೆ, ಅಷ್ಟೇ.

ನಾಡಕುಸ್ತಿಯ ಹಿನ್ನೆಲೆಯವನಾದ್ದರಿಂದ ನನ್ನ ಗಮನ ಮೊದಲು ಹೋಗುವುದು ಜೋಡಿ ಕಟ್ಟುವ ಕಡೆಗೆ. ಮೈಸೂರು ದಸರಾ ಕುಸ್ತಿಗೆ ಮುನ್ನ ಜೋಡಿ ಕಟ್ಟುವುದೇ ಒಂದು ಪ್ರತ್ಯೇಕ ಕಾರ್ಯಕ್ರಮ. ಪೈಲ್ವಾನರನ್ನು ಎದುರುಬದುರು ನಿಲ್ಲಿಸಿ, ತೂಕ, ವಯಸ್ಸು, ಅನುಭವ ನೋಡಿ, ಉಸ್ತಾದರ ಸಮ್ಮುಖದಲ್ಲಿ ಜೋಡಿ ನಿಶ್ಚಯವಾಗುತ್ತದೆ. ಆಕ್ಷೇಪಣೆ ಇದ್ದರೆ ಅಲ್ಲೇ, ಎಲ್ಲರೆದುರು ಹೇಳಬಹುದು. ಅಂಕಪಟ್ಟಿ ಎಷ್ಟೇ ಪಾರದರ್ಶಕವಾಗಿದ್ದರೂ ಜೋಡಿ ಕಟ್ಟುವುದು ಮುಚ್ಚಿದ ಕೋಣೆಯಲ್ಲಾದರೆ ಆ ಪಾರದರ್ಶಕತೆ ಅರ್ಧದಷ್ಟೇ.

ಇದಕ್ಕೆ ಉದಾಹರಣೆಯೂ ಅದೇ ಋತುವಿನಲ್ಲಿದೆ. ಜೂನ್ ತಿಂಗಳಲ್ಲಿ ಲೈಟ್‌ವೇಟ್ ವಿಭಾಗದಲ್ಲಿ ನಾಟನ್ ಶುಲ್ಟೆ ಮತ್ತು ರೌಶ್ ಮಾನ್‌ಫಿಯೊ ಅವರನ್ನು ಜೋಡಿ ಮಾಡಿದರು. ಶುಲ್ಟೆ 2018 ಮತ್ತು 2019ರ ಚಾಂಪಿಯನ್, ಮಾನ್‌ಫಿಯೊ 2021ರ ಚಾಂಪಿಯನ್. ಇಬ್ಬರೂ ಬ್ರೆಜಿಲ್‌ನವರು, ಒಂದೇ ಕಡೆ ಅಭ್ಯಾಸ ಮಾಡುವ ಆಪ್ತಮಿತ್ರರು. ಪಂದ್ಯ ನೀರಸವಾಗಿ ನಡೆದು ಶುಲ್ಟೆ ತೀರ್ಪಿನಲ್ಲಿ ಗೆದ್ದರು. ಇಬ್ಬರೂ ಮನಸ್ಸಿಟ್ಟು ಹೋರಾಡಲಿಲ್ಲವೆಂದು ಸಂಸ್ಥೆ ಅವರನ್ನು ಋತುವಿನಿಂದಲೇ ಕೈಬಿಟ್ಟಿತು. ಅವರ ಗೆಳೆತನ ಸಂಘಟಕರಿಗೆ ತಿಳಿಯದ ಗುಟ್ಟೇನೂ ಆಗಿರಲಿಲ್ಲ. ಒಂದೇ ಗರಡಿಯ ಇಬ್ಬರನ್ನು ಫೈನಲ್ ಅಲ್ಲದ ಪಂದ್ಯದಲ್ಲಿ ಎದುರುಬದುರು ನಿಲ್ಲಿಸಿ, ಆಮೇಲೆ ಅವರನ್ನೇ ಶಿಕ್ಷಿಸುವುದು ಯಾವ ನ್ಯಾಯ?

ಜಯನಗರ ವಕೀಲ

ಗರಡಿಯವರ ಕೊನೆಯ ಪ್ರಶ್ನೆಗೆ ನನ್ನ ಉತ್ತರ ಸ್ವಲ್ಪ ಕಹಿಯಾಗಿದೆ. ಅಂಕಪಟ್ಟಿ ಎನ್ನುವುದು ಸಂಸ್ಥೆ ಮತ್ತು ಸ್ಪರ್ಧಿಯ ನಡುವಿನ ವಾಗ್ದಾನವಾಗಿದ್ದರೆ, ಗೆದ್ದವನಿಗೆ ಅಂಕ ಕೊಡಲೇಬೇಕು. ಹೇಗೆ ಗೆದ್ದ ಎಂಬುದರ ಬೆಲೆಯನ್ನು ಬೋನಸ್ ಅಂಕಗಳು ಆಗಲೇ ಕಟ್ಟಿವೆ. ನೀರಸವಾಗಿ ಗೆದ್ದವನಿಗೆ ಆರರ ಬದಲು ಮೂರು ಅಂಕ ಎಂಬುದೇ ಆ ಪದ್ಧತಿಯಲ್ಲಿ ಅಡಕವಾದ ದಂಡನೆ. ಅದರ ಮೇಲೆ ಇನ್ನೊಂದು ದಂಡನೆಯನ್ನು ಹೇರುವ ಅಧಿಕಾರವನ್ನು ಸಂಸ್ಥೆ ತನ್ನ ಬಳಿಯೇ ಇಟ್ಟುಕೊಂಡಿದ್ದರೆ, ಬಸವನಗುಡಿಯವರು ಹೇಳಿದ ‘ಮೊದಲೇ ತೋರಿಸಿದ ದಾರಿ’ಗೆ ನಡುವೆ ಗೇಟು ಹಾಕುವ ಕೀಲಿಕೈಯೂ ಸಂಸ್ಥೆಯ ಕೈಯಲ್ಲೇ ಉಳಿಯಿತು.

ಹಾಗಿದ್ದರೂ ಹಣದ ವಿಷಯದಲ್ಲಿ ನಾನು ಈ ಪದ್ಧತಿಯ ಪರ. ಯುಎಫ್‌ಸಿಯಲ್ಲಿ ಬಹುಪಾಲು ಸ್ಪರ್ಧಿಗಳಿಗೆ ಕಣಕ್ಕಿಳಿದದ್ದಕ್ಕೆ ಒಂದು ಮೊತ್ತ, ಗೆದ್ದರೆ ಅಷ್ಟೇ ಮೊತ್ತ ಇನ್ನೊಮ್ಮೆ. ಒಡೆದ ತೀರ್ಪಿನಲ್ಲಿ ಸೋತವನು ತೀರ್ಪುಗಾರರೊಬ್ಬರ ಅಭಿಪ್ರಾಯಕ್ಕೆ ತನ್ನ ಆ ರಾತ್ರಿಯ ಅರ್ಧ ಸಂಪಾದನೆಯನ್ನು ತೆತ್ತಂತೆ. ಸಂಸ್ಥೆ ತನ್ನ ಪ್ರಾಬಲ್ಯ ಬಳಸಿ ಸಂಭಾವನೆಯನ್ನು ಅದುಮಿಟ್ಟಿತೆಂದು ಹೋರಾಟಗಾರರು ಹೂಡಿದ್ದ ಮೊಕದ್ದಮೆಯಲ್ಲಿ ನೆವಾಡಾದ ನ್ಯಾಯಾಧೀಶರು 33.5 ಕೋಟಿ ಡಾಲರ್‌ಗಳ ಮೊದಲ ಒಪ್ಪಂದವನ್ನು 2024ರಲ್ಲಿ ತಳ್ಳಿಹಾಕಿದರು. ಬಳಿಕ ಅದರ ಒಂದು ಭಾಗ 37.5 ಕೋಟಿ ಡಾಲರ್‌ಗಳಿಗೆ ಇತ್ಯರ್ಥವಾಯಿತು. ಈ ಹಿನ್ನೆಲೆಯಲ್ಲಿ ನೋಡಿದರೆ, ಹೆಸರು ಮಾಡದ ಸ್ಪರ್ಧಿಯೂ ನಾಲ್ಕು ಪಂದ್ಯಗಳಲ್ಲಿ ಹತ್ತು ಲಕ್ಷ ಡಾಲರ್ ತಲುಪಬಹುದಾದ ದಾರಿಯನ್ನು ತೆರೆದಿಟ್ಟದ್ದು ಸಣ್ಣ ಕೆಲಸವಲ್ಲ.

ಮಲ್ಲೇಶ್ವರಂ ಫಿಸಿಯೊ

ಅಂಕ ಮತ್ತು ಹಣದ ಚರ್ಚೆಯಲ್ಲಿ ದೇಹದ ಮಾತು ಬಂದಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಕ್ರೀಡಾಪಟುಗಳ ಚಿಕಿತ್ಸೆ ನನ್ನ ವೃತ್ತಿ.

ಏಪ್ರಿಲ್, ಜೂನ್, ಆಗಸ್ಟ್, ನವೆಂಬರ್. ಫೈನಲ್ ತಲುಪುವವರು ಎಂಟು ತಿಂಗಳಲ್ಲಿ ನಾಲ್ಕು ಬಾರಿ ತೂಕ ಇಳಿಸಬೇಕು. 70.3 ಕಿಲೋ ಮಿತಿಯ ಲೈಟ್‌ವೇಟ್ ವಿಭಾಗದಲ್ಲಿ ಸ್ಪರ್ಧಿಸುವವರು ಸಾಮಾನ್ಯ ದಿನಗಳಲ್ಲಿ ಅದಕ್ಕಿಂತ ಸಾಕಷ್ಟು ಹೆಚ್ಚು ತೂಗುತ್ತಾರೆ. ಕೊನೆಯ ಕೆಲವು ಕಿಲೋಗಳನ್ನು ಉಪ್ಪು, ನೀರು ಬಿಟ್ಟು, ಬಿಸಿನೀರಿನ ತೊಟ್ಟಿಯಲ್ಲೋ ಸೌನಾದಲ್ಲೋ ಬೆವರು ಹರಿಸಿ ಕಳೆಯುತ್ತಾರೆ. ಹೀಗೆ ಒಣಗಿದ ದೇಹ ಒಂದು ದಿನದಲ್ಲಿ ಪೂರ್ತಿ ಚೇತರಿಸಿಕೊಳ್ಳುವುದಿಲ್ಲ, ತಲೆಗೆ ಬೀಳುವ ಏಟಿನ ಅಪಾಯವೂ ಹೆಚ್ಚುತ್ತದೆ ಎಂಬ ಆತಂಕ ವೈದ್ಯರಲ್ಲಿದೆ. ಯುಎಫ್‌ಸಿಯ ಸ್ಪರ್ಧಿ ಗಾಯವಾದರೆ ಪಂದ್ಯವನ್ನು ಎರಡು ತಿಂಗಳು ಮುಂದೂಡಿಸಿಕೊಳ್ಳಬಹುದು. ಋತುವಿನ ವೇಳಾಪಟ್ಟಿ ಯಾರಿಗೂ ಕಾಯುವುದಿಲ್ಲ. ಜೂನ್‌ನಲ್ಲಿ ನಾಕೌಟ್ ಆದವರ ಮಿದುಳಿಗೆ ಆಗಸ್ಟ್ ಬಹಳ ಹತ್ತಿರ.

ಸಂಸ್ಥೆಗೆ ಇದರ ಅರಿವಿರಲಿಲ್ಲವೆಂದಲ್ಲ. ಋತುವಿನ ಪಂದ್ಯಗಳಲ್ಲಿ ಮೊಣಕೈ ಹೊಡೆತವನ್ನು ನಿಷೇಧಿಸಿದ್ದು ಇದೇ ಕಾರಣಕ್ಕೆ. ಮೊಣಕೈಯ ಮೂಳೆ ತಗುಲಿದರೆ ಹುಬ್ಬಿನ ಚರ್ಮ ಸೀಳುತ್ತದೆ, ಹೊಲಿಗೆ ಬೀಳುತ್ತದೆ, ಗೆದ್ದವರೂ ಮುಂದಿನ ಪಂದ್ಯಕ್ಕೆ ಸಿಗುವುದಿಲ್ಲ. ಆದರೆ ಗಮನಿಸಿ, ಅವರು ತಡೆದದ್ದು ವೇಳಾಪಟ್ಟಿಯನ್ನು ಕೆಡಿಸುವ ಗಾಯವನ್ನು. ಹೊರಗೆ ಕಾಣದ ಗಾಯಕ್ಕೆ, ಅಂದರೆ ಮೊದಲ ಸುತ್ತಿನ ನಾಕೌಟಿಗೆ, ಮೂರು ಬೋನಸ್ ಅಂಕ ಇಟ್ಟರು.

ಉದ್ದೀಪನ ಮದ್ದಿನ ಹಗರಣವನ್ನೂ ಈ ಎಳೆಯಲ್ಲಿ ಯಾರೂ ಪ್ರಸ್ತಾಪಿಸಿಲ್ಲ. ಏಪ್ರಿಲ್ 1ರಂದು ಲಾಸ್ ವೇಗಸ್‌ನಲ್ಲಿ 2022ರ ಲೈಟ್ ಹೆವಿವೇಟ್ ಚಾಂಪಿಯನ್ ರಾಬ್ ವಿಲ್ಕಿನ್ಸನ್ ಅವರು ಥಿಯಾಗೊ ಸಾಂಟೋಸ್ ಅವರನ್ನು ಸೋಲಿಸಿದರು. ಬಳಿಕ ಗೆದ್ದವರು, ಸೋತವರು ಇಬ್ಬರೂ ಪರೀಕ್ಷೆಯಲ್ಲಿ ಸಿಕ್ಕಿಬಿದ್ದು ಫಲಿತಾಂಶವೇ ರದ್ದಾಯಿತು. 2021ರ ಹೆವಿವೇಟ್ ಚಾಂಪಿಯನ್ ಬ್ರೂನೊ ಕಪೆಲೊಜಾ ಸೇರಿದಂತೆ ಇನ್ನೂ ಹಲವರು ಅಮಾನತಾದರು. ತಪ್ಪಿಗೆ ಕ್ಷಮೆ ಬೇಕೆಂದು ನಾನು ಹೇಳುತ್ತಿಲ್ಲ. ಆದರೆ ದೇಹ ಇಷ್ಟು ಬೇಗ ದುರಸ್ತಿಯಾಗಲೇಬೇಕು ಎಂದು ವೇಳಾಪಟ್ಟಿ ಒತ್ತಾಯಿಸುವ ಕಡೆ ಅಡ್ಡದಾರಿಯ ಆಸೆ ಬಲವಾಗುತ್ತದೆ ಎಂಬುದನ್ನು ವೃತ್ತಿಯಲ್ಲಿರುವ ಯಾರೂ ಅಲ್ಲಗಳೆಯಲಾರರು.

ಬಸವನಗುಡಿ ಪ್ರೇಕ್ಷಕ

ಮೇಡಂ, ಮೊಣಕೈ ಮತ್ತು ನಾಕೌಟ್‌ಗಳನ್ನು ನೀವು ಪಕ್ಕಪಕ್ಕದಲ್ಲಿಟ್ಟ ರೀತಿಗೆ ನನ್ನಲ್ಲಿ ಉತ್ತರವಿಲ್ಲ. ಆದರೆ ಬೋನಸ್ ಅಂಕ ಕೇವಲ ನಾಕೌಟಿಗಲ್ಲ, ಸಬ್ಮಿಷನ್‌ಗೂ ಇದೆ ಎಂಬುದನ್ನು ಸೇರಿಸಬೇಕು. ಕತ್ತು ಬಿಗಿಹಿಡಿದು ಅಥವಾ ತೋಳು ಮಡಚಿ ಎದುರಾಳಿಯ ಕೈಯಿಂದ ನೆಲ ತಟ್ಟಿಸಿದವರಿಗೂ ಅಷ್ಟೇ ಅಂಕ. ಹದಿನೈದು ನಿಮಿಷ ಮುಖಕ್ಕೆ ಏಟು ತಿನ್ನುತ್ತ ತೀರ್ಪಿಗೆ ಕಾಯುವುದಕ್ಕಿಂತ ಬೇಗ ಮುಗಿಯುವ ಪಂದ್ಯದಲ್ಲಿ ಒಟ್ಟು ಏಟುಗಳು ಕಡಿಮೆ ಬೀಳಲೂಬಹುದು.

ಗರಡಿಯವರ ಆಕ್ಷೇಪಣೆಯೇ ಹೆಚ್ಚು ಗಂಭೀರವಾದದ್ದು. ಇಬ್ಬರ ವಿರುದ್ಧ ಆಡಿ ಹತ್ತು ಜನರ ಶ್ರೇಯಾಂಕ ಕಟ್ಟುವುದು ನಿಜಕ್ಕೂ ತೆಳುವಾದ ಲೆಕ್ಕ. ಹಾಗೆಂದು ಎಲ್ಲರೂ ಎಲ್ಲರ ವಿರುದ್ಧ ಆಡುವ ಲೀಗ್ ಈ ಕ್ರೀಡೆಯಲ್ಲಿ ಸಾಧ್ಯವೇ? ಒಂಬತ್ತು ಪಂದ್ಯ ಆಡಲು ಮನುಷ್ಯನಿಗೆ ಮೂರು ವರ್ಷ ಬೇಕು. ಕಬಡ್ಡಿ, ಕ್ರಿಕೆಟ್‌ಗಳ ಋತುವನ್ನು ಹಾಗೆಯೇ ಎತ್ತಿ ತಂದು ಇಲ್ಲಿ ಹೂಡಲು ದೇಹ ಬಿಡುವುದಿಲ್ಲ. ಜೋಡಿ ಕಟ್ಟುವುದನ್ನು ಚೀಟಿ ಎತ್ತಿ ಮಾಡಿದ್ದರೆ ದೂರು ಬಹಳಷ್ಟು ಕಡಿಮೆಯಾಗುತ್ತಿತ್ತು ಎಂದು ಮಾತ್ರ ಹೇಳಬಲ್ಲೆ.

ವಿಜಯನಗರ ರಾತ್ರಿಪಾಳಿ

ಇಂಪಾ ಕಸಂಗನಾಯ್ ಹೆಸರು ಇನ್ನೂ ಬಾರದಿರುವುದು ಆಶ್ಚರ್ಯ. ಅಕ್ಟೋಬರ್ 2020ರಲ್ಲಿ ಅಬುಧಾಬಿಯಲ್ಲಿ ವಾಕಿನ್ ಬಕ್ಲಿ ಅವರ ತಿರುಗೊದೆತಕ್ಕೆ ನಿಂತಲ್ಲೇ ಮರಗಟ್ಟಿ ಬಿದ್ದವರು ಇವರೇ. ಎಂಎಂಎ ಎಂದರೇನೆಂದು ತಿಳಿಯದವರ ಮೊಬೈಲಿಗೂ ಆ ದೃಶ್ಯ ತಲುಪಿತ್ತು. ಯುಎಫ್‌ಸಿ ಅವರನ್ನು ಬಿಟ್ಟಿತು. 2023ರಲ್ಲಿ ಅಮಾನತುಗಳಿಂದ ಚದುರಿಹೋಗಿದ್ದ ಲೈಟ್ ಹೆವಿವೇಟ್ ವಿಭಾಗಕ್ಕೆ ಬದಲಿ ಸ್ಪರ್ಧಿಯಾಗಿ ಬಂದು, ತಮಗಿಂತ ದೊಡ್ಡ ದೇಹದವರ ನಡುವೆ ಗೆದ್ದು, ಫೈನಲ್‌ನಲ್ಲಿ ಜೋಶ್ ಸಿಲ್ವೇರಾ ಅವರನ್ನು ತೀರ್ಪಿನಲ್ಲಿ ಸೋಲಿಸಿ ಹತ್ತು ಲಕ್ಷ ಡಾಲರ್ ಪಡೆದರು. ಜೋಡಿ, ಪಾರದರ್ಶಕತೆ ಎಲ್ಲವೂ ಸರಿ. ಆದರೆ ಜಗತ್ತು ನಗುತ್ತಾ ಹಂಚಿಕೊಂಡ ಸೋಲನ್ನು ಹೊತ್ತವನಿಗೆ ಬಾಗಿಲು ತೆರೆದದ್ದು ಈ ಋತುವೇ ಅಲ್ಲವೇ?

ಚಾಮರಾಜಪೇಟೆ ಗರಡಿ

ಖಂಡಿತ, ಆ ಗೆಲುವಿನ ಬಗ್ಗೆ ಎರಡು ಮಾತಿಲ್ಲ. ಆದರೆ ಬದಲಿಯಾಗಿ ಋತುವಿನ ನಡುವೆ ಬಂದವರು ಚಾಂಪಿಯನ್ ಆಗಬಹುದಾದರೆ, ಏಪ್ರಿಲ್‌ನಿಂದ ಕೂಡಿಟ್ಟ ಅಂಕಗಳ ಅರ್ಥವೇನು ಎಂದೂ ಕೇಳಬಹುದು. ಕಸಂಗನಾಯ್ ಅವರ ಕಥೆ ಮನುಷ್ಯನೊಬ್ಬನ ಛಲದ ಕಥೆ. ಅದನ್ನು ಅಂಕಪಟ್ಟಿಯ ಖಾತೆಗೆ ಜಮಾ ಮಾಡಬೇಡಿ.

ರಾಜಾಜಿನಗರ ಅಭ್ಯಾಸಿ

ಹಿರಿಯರ ಚರ್ಚೆಯನ್ನು ಓದುತ್ತಿದ್ದೇನೆ. ಬೆಂಗಳೂರಿನಲ್ಲಿ ಅಭ್ಯಾಸ ಮಾಡುತ್ತಿರುವ ನನ್ನಂಥವರಿಗೆ ಈ ಪ್ರಶ್ನೆ ಬೇರೆ ರೀತಿಯಲ್ಲಿ ಎದುರಾಗುತ್ತದೆ. ನಮಗೆ ಅಂಕಪಟ್ಟಿ ನ್ಯಾಯಯುತವೋ ಅಲ್ಲವೋ ಎನ್ನುವುದಕ್ಕಿಂತ ಮುಂದಿನ ಪಂದ್ಯ ಇದೆಯೋ ಇಲ್ಲವೋ ಎಂಬುದೇ ದೊಡ್ಡದು. 2017ರ ಆರಂಭದಲ್ಲಿ ಭಾರತದ ಎಂಎಂಎ ಸಂಸ್ಥೆಯಾದ ಸೂಪರ್ ಫೈಟ್ ಲೀಗ್ ನಗರಗಳ ಹೆಸರಿನ ತಂಡಗಳನ್ನು ಕಟ್ಟಿ ಋತು ನಡೆಸಿದಾಗ ‘ಬೆಂಗಳೂರು ಟೈಗರ್ಸ್’ ಎಂಬ ತಂಡವೂ ಇತ್ತು. ಇಂದು ನಮ್ಮ ಜಿಮ್‌ನ ಹುಡುಗರಲ್ಲಿ ಆ ತಂಡದ ಹೆಸರು ಕೇಳಿದವರೇ ವಿರಳ.

ಋತುವಿನ ರೂಪದ ಸ್ಪರ್ಧೆಯಿಂದ ಭಾರತೀಯರಿಗೆ ಪ್ರಯೋಜನವಾದ ಉದಾಹರಣೆ ಎಂದರೆ ‘ರೋಡ್ ಟು ಯುಎಫ್‌ಸಿ’. ಏಷ್ಯಾದ ಸ್ಪರ್ಧಿಗಳಿಗಾಗಿ 2022ರಲ್ಲಿ ಆರಂಭವಾದ ಇದರಲ್ಲಿ ಒಂದು ವಿಭಾಗಕ್ಕೆ ಎಂಟು ಮಂದಿ, ಸೋತವರು ಹೊರಗೆ ಎಂಬ ನೇರ ನಾಕೌಟ್ ಪದ್ಧತಿ, ಗೆದ್ದವರಿಗೆ ಯುಎಫ್‌ಸಿ ಕರಾರು. ಉತ್ತರಾಖಂಡದ ಅಂಶುಲ್ ಜುಬ್ಲಿ ಮೊದಲ ಹಂತದಲ್ಲಿ ಎದುರಾಳಿ ಕಣಕ್ಕಿಳಿಯದ ಕಾರಣ ಮುನ್ನಡೆದರು, ಸೆಮಿಫೈನಲ್ ಅನ್ನು ಒಡೆದ ತೀರ್ಪಿನಲ್ಲಿ ಗೆದ್ದರು, ಫೆಬ್ರವರಿ 2023ರಲ್ಲಿ ಇಂಡೊನೇಷ್ಯಾದ ಜೆಕಾ ಸರಾಗಿ ಅವರನ್ನು ಎರಡನೆಯ ಸುತ್ತಿನಲ್ಲಿ ಸೋಲಿಸಿ ಕರಾರು ಪಡೆದರು. ಆಮೇಲೆ ಅಬುಧಾಬಿಯಲ್ಲಿ ಮೈಕ್ ಬ್ರೀಡನ್ ಎದುರು, 2025ರಲ್ಲಿ ಸಿಡ್ನಿಯಲ್ಲಿ ಕ್ವಿಲನ್ ಸಾಲ್ಕಿಲ್ಡ್ ಎದುರು ಸೋತರು. ಸಿಡ್ನಿಯ ಪಂದ್ಯ ಅರ್ಧ ನಿಮಿಷವೂ ನಡೆಯಲಿಲ್ಲ. ಪೂಜಾ ತೋಮರ್ ಅವರು ಇಂಥ ಟೂರ್ನಿಯಿಲ್ಲದೆ ನೇರ ಕರಾರಿನ ಮೂಲಕ ಬಂದು, ಜೂನ್ 2024ರಲ್ಲಿ ಯುಎಫ್‌ಸಿಯಲ್ಲಿ ಗೆದ್ದ ಮೊದಲ ಭಾರತೀಯ ಮಹಿಳೆಯಾದರು. ಟೂರ್ನಿ ಒಳಗೆ ಬಿಡುತ್ತದೆ, ಆದರೆ ಒಳಗೆ ಉಳಿಯಲು ಬೇಕಾದಷ್ಟು ಪಂದ್ಯಗಳ ಅನುಭವವನ್ನು ಅದು ಕೊಡುವುದಿಲ್ಲ. ಪಿಎಫ್‌ಎಲ್ ಮಾದರಿಯಲ್ಲಿ ಮೊದಲ ಪಂದ್ಯ ಸೋತವರಿಗೂ ಎರಡನೆಯದು ಖಚಿತವಾಗಿ ಇತ್ತು. ನಮ್ಮ ಮಟ್ಟದಲ್ಲಿ ನಿಂತು ನೋಡುವವರಿಗೆ ಅದರ ಬೆಲೆ ಬೋನಸ್ ಅಂಕಗಳಿಗಿಂತ ಹೆಚ್ಚು.

ಮಲ್ಲೇಶ್ವರಂ ಫಿಸಿಯೊ

ನೀವು ಹೇಳಿದ್ದು ಸರಿಯಪ್ಪ, ಸೋತ ಮೇಲೂ ಖಚಿತವಾದ ಪಂದ್ಯ ಎನ್ನುವುದು ಈ ಋತುವಿನ ನಿಜವಾದ ಕೊಡುಗೆ. ಲಾರಿಸ್ಸಾ ಪಾಚೆಕೊ ಅವರನ್ನೇ ನೋಡಿ. 2019ರ ಒಂದೇ ಋತುವಿನಲ್ಲಿ ಕೇಯ್ಲಾ ಹ್ಯಾರಿಸನ್ ಎದುರು ಎರಡು ಬಾರಿ ಸೋತರು. ಎದುರಿದ್ದವರು 2012 ಮತ್ತು 2016ರ ಒಲಿಂಪಿಕ್ ಜೂಡೊ ಚಿನ್ನದ ಪದಕ ವಿಜೇತೆ. ಬೇರೆ ಕಡೆಯಾಗಿದ್ದರೆ ಮೂರನೆಯ ಪಂದ್ಯವನ್ನು ಯಾರೂ ಏರ್ಪಡಿಸುತ್ತಿರಲಿಲ್ಲ. ಇಲ್ಲಿ ಗೆಲ್ಲುತ್ತಾ ಹೋದರೆ ಸಾಕಾಗಿತ್ತು, ಯಾರ ಕೃಪೆಯೂ ಬೇಕಿರಲಿಲ್ಲ. 2022ರ ಫೈನಲ್‌ನಲ್ಲಿ ಅವರು ಹ್ಯಾರಿಸನ್‌ಗೆ ವೃತ್ತಿಜೀವನದ ಮೊದಲ ಸೋಲುಣಿಸಿದರು, 2023ರಲ್ಲಿ ತೂಕ ಇಳಿಸಿ ಮಹಿಳೆಯರ ಫೆದರ್‌ವೇಟ್‌ನಲ್ಲೂ ಪ್ರಶಸ್ತಿ ಗೆದ್ದರು. ಅವರ ಮಟ್ಟಿಗೆ ನಾನು ಬಸವನಗುಡಿಯವರ ಪಕ್ಷ.

ಜಯನಗರ ವಕೀಲ

ಆದರೆ ಸಂಸ್ಥೆಯೇ ಆ ಪಕ್ಷವನ್ನು ತೊರೆಯಿತಲ್ಲ! 2025ರಲ್ಲಿ ಅಂಕಪಟ್ಟಿಯನ್ನು ಕೈಬಿಟ್ಟು, ಎಂಟು ಮಂದಿಯ ನೇರ ನಾಕೌಟ್ ಟೂರ್ನಿ ತಂದರು. ಬಹುಮಾನವೂ ಹತ್ತು ಲಕ್ಷದಿಂದ ಐದು ಲಕ್ಷ ಡಾಲರ್‌ಗೆ ಇಳಿಯಿತು. ನವೆಂಬರ್ 2023ರಲ್ಲಿ ಪ್ರತಿಸ್ಪರ್ಧಿ ಎಂಎಂಎ ಸಂಸ್ಥೆ ಬೆಲ್ಲಾಟರ್ ಅನ್ನು ಕೊಂಡ ಮೇಲೆ ಅಲ್ಲಿನ ಚಾಂಪಿಯನ್‌ಗಳನ್ನು ಎಲ್ಲಿ ಕೂರಿಸುವುದೆಂಬ ಇಕ್ಕಟ್ಟು ಶುರುವಾಗಿತ್ತು. ದೊಡ್ಡ ಹೆಸರಿನವರನ್ನು ಋತುವಿನ ಹೊರಗಿಟ್ಟು ಪ್ರತ್ಯೇಕ ಪಂದ್ಯ ಆಡಿಸಿದರೆ ಋತುವಿನ ಚಾಂಪಿಯನ್ ಎರಡನೆಯ ದರ್ಜೆಯವನಾಗುತ್ತಾನೆ. 2023ರ ಹೆವಿವೇಟ್ ವಿಜೇತ ರೆನಾನ್ ಫೆರೇರಾ ಅವರಿಗೆ ಆದದ್ದು ಇದೇ. ಇಡೀ ಋತುವನ್ನು ಗೆದ್ದರೂ, ಋತುವಿನಲ್ಲಿ ಒಂದು ಪಂದ್ಯವನ್ನೂ ಆಡದ, ಯುಎಫ್‌ಸಿಯ ಮಾಜಿ ಹೆವಿವೇಟ್ ಚಾಂಪಿಯನ್ ಫ್ರಾನ್ಸಿಸ್ ಎನ್‌ಗಾನು ಅವರೆದುರು ಅಕ್ಟೋಬರ್ 2024ರಲ್ಲಿ ರಿಯಾದ್‌ನಲ್ಲಿ ಮೊದಲ ಸುತ್ತಿನಲ್ಲೇ ಸೋತರು.

ಬಸವನಗುಡಿ ಪ್ರೇಕ್ಷಕ

ವಕೀಲರು ಹೇಳಿದ ಇಕ್ಕಟ್ಟು ನಿಜ, ಆದರೆ ಅದು ಅಂಕಪಟ್ಟಿಯ ದೋಷವಲ್ಲ, ಅಂಕಪಟ್ಟಿಯನ್ನು ನಂಬದವರ ದೋಷ. ಎನ್‌ಗಾನು ಅವರನ್ನೂ ಏಪ್ರಿಲ್‌ನಲ್ಲಿ ಎಲ್ಲರಂತೆ ಕಣಕ್ಕಿಳಿಸಿ, ಗೆದ್ದರೆ ಮೂರು, ಬೇಗ ಗೆದ್ದರೆ ಆರು ಎಂದಿದ್ದರೆ ಋತುವಿನ ಘನತೆ ಉಳಿಯುತ್ತಿತ್ತು. 2025ರ ನಾಕೌಟ್ ಟೂರ್ನಿಯಲ್ಲಿ, ಗರಡಿಯವರೇ, ನಿಮ್ಮ ಹಳೆಯ ಪ್ರಶ್ನೆ ಇನ್ನಷ್ಟು ಹರಿತವಾಯಿತು: ಎಂಟರ ಪಟ್ಟಿಯಲ್ಲಿ ಯಾರು ಯಾರೆದುರು ಎಂಬುದನ್ನು ಆಗಲೂ ಸಂಘಟಕರೇ ಬರೆದರು. ಮೊದಲ ಪಂದ್ಯದಲ್ಲೇ ಬ್ರಾಗಾ ಎದುರು ಸೋಲುವ ಪಿನೆಡೊ ಅಂಥವರಿಗೆ ಅಲ್ಲಿ ಜೂನ್ ತಿಂಗಳೂ ಇರಲಿಲ್ಲ, ಲಾಕ್‌ನೇನ್ ಅವರೂ ಇರಲಿಲ್ಲ.

ಚಾಮರಾಜಪೇಟೆ ಗರಡಿ

ಅದನ್ನು ಒಪ್ಪುತ್ತೇನೆ ಸರ್. ಎರಡನೆಯ ಪಂದ್ಯ ಉಳಿಯಲಿ, ಚೀಟಿ ಎತ್ತುವುದು ಬರಲಿ, ಒಂದೇ ಗರಡಿಯವರನ್ನು ಫೈನಲ್‌ಗೆ ಮೊದಲು ಜೋಡಿ ಮಾಡದಿರಲಿ. ಇಷ್ಟಾದರೆ ಮೂರು ಅಂಕವೋ ಆರು ಅಂಕವೋ, ನನ್ನ ತಕರಾರಿಲ್ಲ.